ಗೇಟಿನ ಬಣ್ಣದ ಜೀಪು

ನಮ್ಮ ಮನೆಯ ಜೀಪನ್ನು ನಾನು ಎರಡು ಸಲ ಅಳೆದಿದ್ದೇನೆ. ಮೊದಲ ಸಲ ಅವ್ವನ ಹೊಲಿಗೆ ಟೇಪಿನಲ್ಲಿ. ಜುಲೈ ತಿಂಗಳು. ಶೆಡ್ಡಿನ ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ಮಂಡಿಯೂರಿ ಕೂತ ಐದು ನಿಮಿಷದಲ್ಲಿ ಕಾಲಿಗೆ ಮೂರು ಜಿಗಣೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 79 ಇಂಚು ಬಂತು. ಲೆಕ್ಕದ ಪ್ರಕಾರ 80 ಇರಬೇಕು. ಜೀಪೇ ಒಂದಿಂಚು ಕುಗ್ಗಿತೇನೋ ಅಂದುಕೊಂಡೆ. ಆಮೇಲೆ ನೋಡಿದರೆ ಇಪ್ಪತ್ತು ವರ್ಷ ರವಿಕೆ ಹೊಲಿದು ಹಿಗ್ಗಿದ್ದು ಟೇಪು. ಎರಡನೇ ಸಲ ಆಚಾರಿಯ ಹತ್ತಿರ ಸ್ಟೀಲ್ ಟೇಪು ಕೇಳಿ ತಂದೆ. ಸರಿಯಾಗಿ 80.

ಆ ವರ್ಷ ಅಪ್ಪ ಜೀಪು ಮಾರುವ ಮಾತೆತ್ತಿದ್ದರು. ಅಜ್ಜ ಕೊಂಡ ಜೀಪು ಅದು. ಕಾಫಿ ಮೂಟೆ, ಗೊಬ್ಬರ, ಮದುವೆಗೆ ಹೊರಟ ನೆಂಟರು, ಒಮ್ಮೆ ತೋಟದ ಕೆಲಸದವರ ಲೈನ್ ಮನೆಯ ಬಸುರಿ ಹೆಂಗಸು, ಎಲ್ಲರನ್ನೂ ಹೊತ್ತು ಕೊಡಗಿನ ನಾಪೋಕ್ಲು ದಾರಿಯಲ್ಲಿ ಓಡಿದೆ. ಹ್ಯಾಂಡ್‌ಬ್ರೇಕ್ ಮಾತ್ರ ನನಗೆ ಬುದ್ಧಿ ತಿಳಿದಾಗಿನಿಂದ ಒಂದು ದಿನವೂ ಹಿಡಿದದ್ದಿಲ್ಲ. ಮಾರಿದ ಮೇಲೆ ಹೇಗಿತ್ತು ಅಂತ ಫೋಟೋ ನೋಡಿ ನೆನೆಯುವ ಬದಲು, ಇರುವಾಗಲೇ ಅಳೆದು ಪುಟ್ಟದೊಂದು ಮಾಡಿಬಿಡೋಣ ಅನ್ನಿಸಿತು.

ಅಷ್ಟರೊಳಗೆ ನನ್ನ ಕಪಾಟಿನಲ್ಲಿ ಆಟಿಕೆ ಕಾರುಗಳಿಗೇನೂ ಕಡಿಮೆ ಇರಲಿಲ್ಲ. ಶಾಲೆಯಲ್ಲಿದ್ದಾಗ ಶುರುವಾದ ಹುಚ್ಚು. ಮೊದಲು ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್. ಆಮೇಲೆ ಮೈಸೂರಿಗೆ ಹೋದಾಗಲೆಲ್ಲ 1:43ರ, ಅಂದರೆ ನಿಜವಾದ ಕಾರಿನ 43ನೇ ಒಂದು ಪಾಲು ಉದ್ದದ, ಲೋಹದ ಕಾರುಗಳು. ಈ 43 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ಆಟಿಕೆ ರೈಲಿನಿಂದ. ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕದ ರೈಲಿನ ಪಕ್ಕ ನಿಲ್ಲಿಸಲು ಮಾಡಿದ ಕಾರುಗಳ ಅಳತೆ ಅದು. 1:35 ಇನ್ನೂ ತಮಾಷೆ. ಜಪಾನಿನ ತಾಮಿಯಾ ಕಂಪನಿ ಒಂದು ಟ್ಯಾಂಕಿನ ಮಾದರಿ ಮಾಡುವಾಗ ಒಳಗೆ ಮೋಟರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು, ಅದೇ ಅಳತೆ ನಿಂತಿತು. ಹಾಟ್ ವೀಲ್ಸ್ 1:64 ಅಂತಾರೆ, ಆದರೆ ಅಲ್ಲಿ ಪೊಟ್ಟಣವೇ ಅಳತೆಗೋಲು. ಲಾರಿ, ಕಾರು ಎರಡೂ ಒಂದೇ ಉದ್ದ.

ನಾನು ಆರಿಸಿದ್ದು 1:24. ಕಾರಣ ಸೋಮಾರಿತನ. ಒಂದು ಅಡಿ ಅಂದರೆ ಅರ್ಧ ಇಂಚು, ಲೆಕ್ಕ ಬಾಯಲ್ಲೇ ಆಗುತ್ತದೆ. 80 ಇಂಚು 2032 ಮಿಲಿಮೀಟರ್. 24ರಿಂದ ಭಾಗಿಸಿದರೆ 84.7. ಅಂಗೈಯಲ್ಲಿ ಕೂರುವ ಜೀಪು.

ಸಮಸ್ಯೆ ಏನೆಂದರೆ ನಮ್ಮ ಜೀಪಿನ ಕಿಟ್, ಅಂದರೆ ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಭಾಗಗಳ ಡಬ್ಬಿ, ನನಗೆ ಎಲ್ಲೂ ಸಿಗಲಿಲ್ಲ. ಸಿಗುವುದೆಲ್ಲ ಎರಡನೇ ಮಹಾಯುದ್ಧದ ಸೇನಾ ಜೀಪು ವಿಲ್ಲಿಸ್ ಎಂಬಿ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು. ಆದರೆ ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಎತ್ತರ ಮೂತಿಯ ಜೀಪು ಸಿಜೆ-3ಬಿ ತಳಿ. ಅಮೆರಿಕದಲ್ಲಿ ಅದು ಬಂದದ್ದು 1953ರಲ್ಲಿ. ಹೊಸ ಎಂಜಿನ್ ಎತ್ತರವಿತ್ತು, ಹಳೇ ಬಾನೆಟ್ ಅಡಿ ಕೂರಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು. ಅಲ್ಲಿ 1968ಕ್ಕೆ ನಿಂತರೂ ನಮ್ಮಲ್ಲಿ ಎಷ್ಟೋ ವರ್ಷ ಮುಂದುವರಿಯಿತು. ಪುಣ್ಯಕ್ಕೆ ಎರಡರದ್ದೂ ವೀಲ್‌ಬೇಸ್, ನಾನು ಅಳೆದ ಆ ಚಕ್ರದಿಂದ ಚಕ್ರದ ದೂರ, 80 ಇಂಚೇ. ಹಾಗಾಗಿ ಹಸೆಗಾವಾ ಕಂಪನಿಯ 1:24ರ ಎಂಬಿ ಕಿಟ್ ತರಿಸಿದೆ. ಬೆಲೆ ಎಷ್ಟು ಅಂತ ಅವ್ವನಿಗೆ ಇನ್ನೂ ಹೇಳಿಲ್ಲ.

ಕಿಟ್ಟಿನಲ್ಲಿ ಉಳಿಸಿಕೊಂಡದ್ದು ಚಾಸಿ, ಆಕ್ಸಲ್, ಸ್ಪ್ರಿಂಗ್ ಪಟ್ಟಿ, ಚಕ್ರದ ರಿಮ್. ಮಿಕ್ಕದ್ದಕ್ಕೆಲ್ಲ ಗರಗಸ. ಎಂಬಿಯ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ನಮ್ಮದರಲ್ಲಿ ಏಳು. ಎಂಬಿಯ ಹೆಡ್‌ಲೈಟು ಗ್ರಿಲ್ಲಿನ ಒಳಗೆ ಹುದುಗಿರುತ್ತದೆ, ನಮ್ಮದು ಕಣ್ಣು ಹೊರಗೆ ಬಿಟ್ಟಂತೆ. ಎಂಬಿಗೆ ಹಿಂದಿನ ಬಾಗಿಲಿಲ್ಲ. ಎಲ್ಲಕ್ಕಿಂತ ದೊಡ್ಡ ತಲೆನೋವು, ಸ್ಟಿಯರಿಂಗ್ ಎಡಗಡೆ! ಡ್ಯಾಶ್‌ಬೋರ್ಡು, ಪೆಡಲು, ಸ್ಟಿಯರಿಂಗ್ ಬಾಕ್ಸು ಎಲ್ಲ ಕಿತ್ತು ಬಲಕ್ಕೆ ತಂದೆ. ಅದಕ್ಕೇ ಮೂರು ಭಾನುವಾರ ಹೋಯಿತು.

ಹೊಸ ಭಾಗಗಳನ್ನು ಪಾಲಿಸ್ಟೈರೀನ್ ಹಾಳೆಯಲ್ಲಿ ಕತ್ತರಿಸಿದೆ. ಬಾಡಿಗೆ 1 ಮಿಲಿಮೀಟರ್, ಬಾನೆಟ್ಟಿಗೆ ಅರ್ಧ. ಹಾಳೆ ಮುಗಿದಾಗ ಮನೆಯಲ್ಲಿದ್ದ ಪ್ಲಾಸ್ಟಿಕ್ ಕಪ್ಪುಗಳ ಅಡಿ ನೋಡಿ. ತ್ರಿಕೋನದೊಳಗೆ 6 ಅಂತ ಇದ್ದರೆ ಅದೇ ಪ್ಲಾಸ್ಟಿಕ್, ಅದೇ ಅಂಟು ಹಿಡಿಯುತ್ತದೆ. ಈ ಅಂಟು ಫೆವಿಕಾಲ್ ಥರ ನಡುವೆ ನಿಂತು ಹಿಡಿಯುವುದಲ್ಲ, ಎರಡೂ ತುಂಡಿನ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಜಾಸ್ತಿ ಹಾಕಿದರೆ ಬಾನೆಟ್ಟೇ ಕರಗುತ್ತದೆ. ಹಾಕಿದ್ದೇನೆ, ಕರಗಿದೆ. ಹೆಡ್‌ಲೈಟಿನ ಗಾಜಿಗೆ ಅಜ್ಜಿಯ ಬಿಪಿ ಮಾತ್ರೆಯ ಹಾಳೆಯಲ್ಲಿನ ಉಬ್ಬು ಸರಿಹೋಯಿತು. ಬ್ರೇಕ್ ಪೈಪಿಗೆ ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದ ತಕ್ಷಣ ಎಳೆದರೆ ಕೂದಲೆಳೆ ಬರುತ್ತದೆ. ಹುಡ್ಡಿಗೆ ಟಿಶ್ಯೂ ಪೇಪರ್. ಫೆವಿಕಾಲಿಗೆ ಸಮ ನೀರು ಬೆರೆಸಿ ಅದರಲ್ಲಿ ನೆನೆಸಿ, ತಂತಿಯ ಕಮಾನಿನ ಮೇಲೆ ಹೊದಿಸಿದರೆ ಸಾಕು. ಒಣಗಿದ ಮೇಲೆ ಟಾರ್ಪಾಲಿನಂತೆಯೇ ಜೋಲುತ್ತದೆ.

ಇಷ್ಟೂ ಕೆಲಸ ಯಾವ ಊರಿನಲ್ಲಿ ಕೂತು ಬೇಕಾದರೂ ಮಾಡಬಹುದು. ಇನ್ನು ಮುಂದಿನದು ಕೊಡಗಿನಲ್ಲಿ ಕೂತು ಮಾಡುವವರ ಪಾಡು.

ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಎರಡು ಇಂಚು ನಲವತ್ತು ಸೆಂಟ್ಸ್, ಮೂರು ಇಂಚು ಹತ್ತು ಸೆಂಟ್ಸ್, ಹೀಗೆ. ಒಂದು ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು. ಇಲ್ಲಿ ತೋಟ ಇರುವ ಮನೆಗಳಲ್ಲೆಲ್ಲ ಈ ಪುಸ್ತಕ ಇರುತ್ತದೆ. ನಾನು ಅದರ ಪಕ್ಕದಲ್ಲೇ ತೇವಾಂಶ ತೋರಿಸುವ ಸಣ್ಣ ಮೀಟರ್ ತೂಗುಹಾಕಿದೆ. ಆಗಸ್ಟ್‌ನಲ್ಲಿ ಅದು 90ರಿಂದ ಕೆಳಗೆ ಇಳಿದದ್ದು ನಾನು ನೋಡಿಲ್ಲ. ಅಂಥ ದಿನ ಕಂಪ್ರೆಸರಿನ ಗಾಳಿಯಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಹಿಡಿದು ಲ್ಯಾಕರ್ ಬಣ್ಣ ಹೊಡೆದೆ. ಹತ್ತು ನಿಮಿಷದಲ್ಲಿ ಹಸಿರು ಬಾನೆಟ್ಟಿನ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಪೊರೆ. ಲ್ಯಾಕರಿನ ತಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ನಿಧಾನಕ್ಕೆ ಆರುವಂತೆ ಮಾಡುವ ರಿಟಾರ್ಡರ್ ಬೆರೆಸಿದರೆ ಸ್ವಲ್ಪ ಸುಧಾರಿಸುತ್ತದೆ. ಆದರೆ ಅಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ನಮ್ಮ ಕಡೆ ಒಂದು ಮರ ಬಿದ್ದರೆ ಮೂರು ದಿನ ಕಂಪ್ರೆಸರ್ ಸುಮ್ನೆ ಕೂತಿರಬೇಕು.

ಟಯರ್ ಕಥೆ ಇನ್ನೊಂದು. ಕಿಟ್ಟಿನ ಟಯರು ಮಿಲಿಟರಿಯದ್ದು, ನಮ್ಮದಕ್ಕೆ ಬೇರೆ ಹಲ್ಲು. ಒಂದನ್ನು ಕೈಯಲ್ಲಿ ಕೆತ್ತಿ, ಸಿಲಿಕೋನ್ ಅಚ್ಚು ಮಾಡಿ, ಸುರಿದ ಮೇಲೆ ಗಟ್ಟಿಯಾಗುವ ರೆಸಿನ್ ಸುರಿದೆ. ಅದು ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಅಚ್ಚಿನಿಂದ ಹೊರಗೆ ಬಂತು. ಮಾರಿದವನಿಗೆ ಮನಸ್ಸಿನಲ್ಲೇ ಬೈದೆ. ತಪ್ಪು ಅವನದ್ದಲ್ಲ. ಪಾಲಿಯುರೆಥೇನ್ ರೆಸಿನ್ನಿಗೆ ನೀರು ಸೋಕಿದರೆ ಕಾರ್ಬನ್ ಡೈ ಆಕ್ಸೈಡ್ ಗುಳ್ಳೆ ಏಳುತ್ತದೆ. ಮುಚ್ಚಳ ತೆಗೆದಿಟ್ಟ ಬಾಟಲಿಗೆ ನಮ್ಮೂರಿನ ಗಾಳಿಯೇ ಸಾಕು.

ಬಣ್ಣ ಒಣಗಿಸಲು ಅವ್ವ ಒಂದು ಉಪಾಯ ಹೇಳಿದರು. ಒಲೆಯ ಮೇಲೆ ಮಾಂಸ ಒಣಗಿಸುವ ತಟ್ಟಿ ಇದೆಯಲ್ಲ, ಅಲ್ಲಿಡು ಅಂತ. ಇಟ್ಟೆ. ಬೆಳಿಗ್ಗೆ ನೋಡಿದರೆ ಬಾನೆಟ್ಟು ಹಪ್ಪಳದಂತೆ ಸೊಟ್ಟಗಾಗಿತ್ತು, ಮೇಲೆ ಮಸಿ ಬೇರೆ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತದೆ, ತೆಳು ಹಾಳೆ ಅದಕ್ಕಿಂತ ಮೊದಲೇ ಬಾಗುತ್ತದೆ. ‘ಇಷ್ಟು ಬಿಸಿಗೆ ಹಂದಿ ಮಾಂಸಕ್ಕೆ ಏನೂ ಆಗಲ್ಲ, ನಿನ್ನ ಜೀಪು ಏನು ಅಷ್ಟು ನಾಜೂಕು?’ ಅಂದರು ಅವ್ವ. ಎರಡನೇ ಬಾನೆಟ್ಟು ಮಾಡಿದೆ. ಈ ಸಲ ಹಳೇ ಮರದ ಪೆಟ್ಟಿಗೆಗೆ 40 ವಾಟಿನ ಹಳದಿ ಬಲ್ಬು ಹಾಕಿ, ಮೇಲೆ ಕೆಳಗೆ ತೂತು ಕೊರೆದು, ಒಳಗೆ ಥರ್ಮಾಮೀಟರ್ ಇಟ್ಟೆ. 40 ಡಿಗ್ರಿ ದಾಟಲು ಬಿಡುವುದಿಲ್ಲ. ಈಗಲೂ ಅದೇ ಪೆಟ್ಟಿಗೆ.

ಕೊನೆಗೆ ಮಳೆಯ ಜೊತೆ ಜಗಳ ಬಿಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು. ಬಣ್ಣ, ರೆಸಿನ್ ಎಲ್ಲ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ. ಆದರೆ ಆಗ ಕಾಫಿ ಕೊಯ್ಲು. ಅಪ್ಪನ ಮುಂದೆ ಜೀಪಿಗೆ ಬಣ್ಣ ಹೊಡೆಯುತ್ತಾ ಕೂರುವ ಧೈರ್ಯ ಯಾರಿಗಿದೆ? ಕಣದಲ್ಲಿ ಕಾಫಿ ಹರಡಿ, ಸಂಜೆ ಗುಡ್ಡೆ ಮಾಡಿ ಮುಚ್ಚಿದ ಮೇಲೆ ಒಂದು ಗಂಟೆ, ಅಷ್ಟೇ.

ಜನವರಿಯ ಒಂದು ಸಂಜೆ ಬಣ್ಣ ಕೊನೆಗೂ ಕನ್ನಡಿಯಂತೆ ಕೂತಿತು. ಒಂದು ಚುಕ್ಕೆ ಧೂಳಿಲ್ಲ. ಹೊರಗೆ ತಂದು ನಿಜವಾದ ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ನೋಡಿದೆ. ಯಾರದೋ ಜೀಪಿನ ಹಾಗೆ ಕಂಡಿತು.

ನಮ್ಮ ಜೀಪಿಗೆ ಬಣ್ಣ ಬಳಿದದ್ದು ಅಜ್ಜ. ತೋಟದ ಗೇಟಿಗೆ ಬಳಿದು ಉಳಿದ ಹಸಿರು ಎನಾಮಲ್, ನಾಲ್ಕು ಇಂಚಿನ ಬ್ರಶ್ಶಿನಲ್ಲಿ. ಬಾಗಿಲ ಅಂಚಿನಲ್ಲಿ ಬಣ್ಣ ಇಳಿದ ಗೆರೆ ಇದೆ. ಬಲ ಮಡ್‌ಗಾರ್ಡಿನ ಮೇಲೆ ಬ್ರಶ್ಶಿನ ಕೂದಲೊಂದು ಅಂಟಿಕೊಂಡೇ ಇತ್ತು! ನಾನು ಆರು ತಿಂಗಳು ಏರ್‌ಬ್ರಶ್ ಹಿಡಿದು ಒದ್ದಾಡಿದ್ದು ಕಾರ್ಖಾನೆಯಿಂದ ಹೊರಬಂದ ಜೀಪಿಗಾಗಿ. ಅದನ್ನು ನಾನು ಯಾವತ್ತೂ ನೋಡಿಯೇ ಇಲ್ಲ.

ಬಣ್ಣ ಉಜ್ಜಿ ತೆಗೆದೆ. ಸೀಟಿನ ಅಡಿಯಿಂದ ಉಗುರಿನಷ್ಟು ಪದರ ಎಬ್ಬಿಸಿ ಅದಕ್ಕೆ ಹೊಂದುವ ಹಸಿರು ಕಲೆಸಿದೆ. ಒಂದು ಹನಿ ಬಿಳಿಯನ್ನೂ ಬೆರೆಸಿದೆ. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಯಾವಾಗಲೂ ಗಾಢವಾಗಿ ಕಾಣುತ್ತದೆ, ಸ್ವಲ್ಪ ತಿಳಿ ಮಾಡಬೇಕು. ಗೇಟಿನ ಬಣ್ಣವನ್ನೇ ಹಾಕಿಬಿಡಬಹುದಿತ್ತಲ್ಲ ಅಂದರೆ, ಅದು ದಪ್ಪ, ಈ ಅಳತೆಗೆ ಜೇಡಿಮಣ್ಣು ಮೆತ್ತಿದ ಹಾಗಾಗುತ್ತದೆ. ಮಾಡೆಲ್ ಎನಾಮಲ್ಲನ್ನೇ ಚಪ್ಪಟೆ ಬ್ರಶ್ಶಿನಲ್ಲಿ, ಅಜ್ಜ ಎಳೆದ ದಿಕ್ಕಿನಲ್ಲೇ ಎಳೆದೆ. ಎರಡು ಸಂಜೆಯಲ್ಲಿ ಮುಗಿಯಿತು. ಕಂಪ್ರೆಸರ್ ಬೇಡ, ಕರೆಂಟ್ ಬೇಡ.

ತುಕ್ಕಿಗೆ ಉಪ್ಪಿನ ವಿಧಾನ ಪ್ರಸಿದ್ಧ. ತುಕ್ಕಿನ ಬಣ್ಣದ ಮೇಲೆ ಒದ್ದೆ ಮಾಡಿ ಉಪ್ಪು ಉದುರಿಸಿ, ಮೇಲೆ ಬಣ್ಣ ಹೊಡೆದು, ಆಮೇಲೆ ಉಪ್ಪು ಉಜ್ಜಿ ತೆಗೆದರೆ ಚಕ್ಕೆ ಎದ್ದಂತೆ ಕಾಣುತ್ತದೆ. ನಮ್ಮಲ್ಲಿ ಭರಣಿಯಲ್ಲಿಟ್ಟ ಉಪ್ಪೇ ನೀರಾಗುತ್ತದೆ. ಪಾತ್ರೆ ತೊಳೆಯುವ ಸ್ಪಂಜಿನ ತುಂಡು ಹರಿದು, ಕಂದು ಬಣ್ಣಕ್ಕೆ ಅದ್ದಿ, ಕಾಗದಕ್ಕೆ ಒರೆಸಿ, ಮಿಕ್ಕದ್ದನ್ನು ಅಂಚಿಗೆ ಒತ್ತುವುದೇ ವಾಸಿ.

ಕೆಸರಿಗೆ ನಮ್ಮ ತೋಟದ ಕೆಂಪು ಮಣ್ಣೇ ಬೇಕು ಅಂತ ಹಟ. ಒಣಗಿಸಿ ಮೆತ್ತಿದೆ. ಜಲ್ಲಿ ಸುರಿದ ಹಾಗೆ ಕಂಡಿತು. ಅರ್ಧ ಮಿಲಿಮೀಟರಿನ ಕಣ ಈ ಅಳತೆಯಲ್ಲಿ 12 ಮಿಲಿಮೀಟರಿನ ಕಲ್ಲು! ಅರೆದು, ಅಪ್ಪನ ಹಳೇ ಪಂಚೆಯಲ್ಲಿ ಎರಡು ಸಲ ಜರಡಿ ಹಿಡಿದ ಮೇಲೆ ಸರಿಹೋಯಿತು. ಇದಕ್ಕೂ ಮುಂಚೆ ಒಂದು ಬುದ್ಧಿವಂತಿಕೆ ಮಾಡಿದ್ದೆ. ಬೇರೊಂದು ಕಾರಿಗೆ ನುಣ್ಣಗಿನ ಕಾಫಿಪುಡಿಯನ್ನು ಕೆಸರಾಗಿ ಮೆತ್ತಿದ್ದೆ. ಬಣ್ಣ ಸೊಗಸಾಗಿತ್ತು, ವಾಸನೆಯೂ. ಕಕ್ಕಡ ತಿಂಗಳ ಮಳೆಗೆ ಅದರ ಮೇಲೆ ಬೂಷ್ಟು ಬಂದು ಬಿಳಿ ಗಡ್ಡ ಬೆಳೆಯಿತು.

ಬೂಷ್ಟಿನ ಮಾತು ಬಂದಾಗ ಕೂಡಿಡುವವರಿಗೆ ಎರಡು ಮಾತು. ಕಪಾಟನ್ನು ಹೊರಗೋಡೆಗೆ ಒತ್ತಿಡಬೇಡಿ. ರಟ್ಟಿನ ಡಬ್ಬಿ ಬೇರೆ ಇಡಿ, ಮೊದಲು ಹಾಳಾಗುವುದು ಅದೇ. ಮೆತ್ತನೆ ಟಯರ್ ಪ್ಲಾಸ್ಟಿಕ್ಕಿಗೆ ವರ್ಷಗಟ್ಟಲೆ ತಾಗಿದ್ದರೆ ಅದನ್ನೇ ಕರಗಿಸಿ ಅಂಟಿಕೊಳ್ಳುತ್ತದೆ, ನಡುವೆ ಏನಾದರೂ ಇಡಿ. ಹಳೇ ಲೋಹದ ಕಾರಿನಲ್ಲಿ ಜೇಡರಬಲೆಯಂಥ ಬಿರುಕು ಕಂಡರೆ ಅದು ಸತುವಿನ ರೋಗ. ಎರಕ ಹೊಯ್ಯುವಾಗ ಸೀಸದಂಥದ್ದು ಬೆರೆತು ಆಗುವುದು. ತೇವ ಅದನ್ನು ಬೆಳೆಸುತ್ತದೆ, ಮದ್ದಿಲ್ಲ. ನನ್ನದೊಂದು ಲಾರಿ ಹಾಗೇ ಪುಡಿಯಾಗಿ ಹೋಯಿತು.

ಜೀಪು ಮಾರ್ಚ್‌ನಲ್ಲಿ ಮಾರಾಟವಾಯಿತು. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಒಬ್ಬರು ಮಡಿಕೇರಿಯಿಂದ ಬಂದು ಒಯ್ದರು. ಈಗ ಅದಕ್ಕೆ ಬಿಳಿ ಬಣ್ಣ.

ಕಾಫಿ ಗಿಡ ಅರಳಿಸುವ ಹೂ ಮಳೆ ಬಿದ್ದ ದಿನ ಮಾಡೆಲ್ ಮುಗಿಯಿತು. ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಸುತ್ತಲೂ ತಿರುಗಿಸಿದರು. ಮಡ್‌ಗಾರ್ಡಿನ ಮೇಲೆ ನಾನು ಬೇಕೆಂದೇ ಅಂಟಿಸಿದ್ದ ಬ್ರಶ್ಶಿನ ಕೂದಲನ್ನು ಉಗುರಿನಲ್ಲಿ ಮುಟ್ಟಿದರು, ಏನೂ ಹೇಳಲಿಲ್ಲ. ಕೆಳಗಿಟ್ಟು ಹಿಂದಿನ ಚಕ್ರದ ಹತ್ತಿರ ಬೆರಳಿಟ್ಟರು.

‘ಕಲ್ಲೆಲ್ಲಿ?’

ನಿಜ. ಹ್ಯಾಂಡ್‌ಬ್ರೇಕ್ ಹಿಡಿಯದ ಆ ಜೀಪು ಎಲ್ಲಿ ನಿಂತರೂ ಹಿಂದಿನ ಚಕ್ರಕ್ಕೆ ಒಂದು ಕಲ್ಲು. ಓಡಿ ಇಳಿದು ಕಲ್ಲು ಇಡುವ ಕೆಲಸ ಚಿಕ್ಕಂದಿನಿಂದ ನನ್ನದೇ. ಶೆಡ್ಡಿಗೆ ಹೋದೆ. ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಕಲ್ಲು ಹಾಗೇ ಕೂತಿತ್ತು. ಅಳೆದೆ, ಆರು ಇಂಚು. ಹಾಗಾದರೆ ಕಾಲಿಂಚು ಬೇಕು. ಸುತ್ತಿಗೆ ತಂದು ಅದರ ಮೂಲೆಗೇ ಒಂದು ಪೆಟ್ಟು ಹಾಕಿ, ಎದ್ದ ಚೂರುಗಳಲ್ಲಿ ಸರಿಯಾದದ್ದನ್ನು ಆರಿಸಿದೆ.

ನಮ್ಮ ಹಳೇ ಮನೆಯ ನೆಲ ಸ್ವಲ್ಪ ವಾಲಿದೆ, ಕಪಾಟೂ ಅದರ ಜೊತೆಗೇ ವಾಲಿದೆ. ಕಲ್ಲು ತೆಗೆದರೆ ಜೀಪು ಹಿಂದಕ್ಕೆ ಉರುಳುತ್ತದೆ.