ಮರಿ ಹಾಕಿಸುವ ಮುನ್ನ: ಜವಾಬ್ದಾರಿಯುತ ಬ್ರೀಡರ್ ಆಗುವುದು ಹೇಗೆ?

ಚೆಂದದ ಹೆಣ್ಣುನಾಯಿ ಮನೆಯಲ್ಲಿದೆ, ಅದೇ ತಳಿಯ ಗಂಡು ಪರಿಚಯದವರಲ್ಲಿದೆ, ಎರಡಕ್ಕೂ ಕಾಗದಪತ್ರ ಇದೆ. ಇನ್ನೇನು ಬೇಕು? ಬಹಳಷ್ಟು ಜನ ಬ್ರೀಡಿಂಗ್‌ಗೆ ಇಳಿಯುವುದು ಇಷ್ಟೇ ಲೆಕ್ಕದಲ್ಲಿ. ಆದರೆ ಮರಿ ಹುಟ್ಟಿಸುವುದು ನಾಯಿಗಳಿಗೇ ಗೊತ್ತು. ಯಾವ ಜೋಡಿಯನ್ನು ಕೂಡಿಸಬಾರದು ಎಂದು ಹೇಳುವುದಕ್ಕೆ ಬ್ರೀಡರ್ ಬೇಕು.

ಒಂದು ತಳಿ ಹಿಡಿಯಿರಿ

ನಾಲ್ಕಾರು ತಳಿಗಳಿಗೆ ಕೈಹಾಕಬೇಡಿ. ಒಂದನ್ನೇ ಆರಿಸಿ, ಅದರ ಕಾಯಿಲೆಗಳ ಪಟ್ಟಿಯನ್ನು ಮೊದಲು ಓದಿ. ಡಾಬರ್‌ಮನ್‌ಗೆ ಹೃದಯದ ಸ್ನಾಯು ಹಿಗ್ಗಿ ಸೋಲುವ ರೋಗದ ಕಾಟ, ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲಿನ ತೊಂದರೆ, ಡಾಲ್ಮೇಷಿಯನ್‌ಗೆ ಹುಟ್ಟುಗಿವುಡು, ಪಗ್‌ಗೆ ಉಸಿರಾಟದ ಕಷ್ಟ. ಆಮೇಲೆ ಡಾಗ್ ಶೋಗಳಿಗೆ ಹೋಗಿ, ಹಳಬ ಬ್ರೀಡರ್ ಒಬ್ಬರ ಸ್ನೇಹ ಬೆಳೆಸಿ. ತಮ್ಮ ನಾಯಿಗಳಲ್ಲಿ ಬಂದ ಕಾಯಿಲೆಗಳ ಬಗ್ಗೆ ಅವರು ಮುಚ್ಚುಮರೆಯಿಲ್ಲದೆ ಮಾತಾಡಿದರೆ ಸರಿಯಾದವರ ಬಳಿ ಬಂದಿದ್ದೀರಿ. "ನಮ್ಮ ಲೈನ್‌ನಲ್ಲಿ ಏನೂ ತೊಂದರೆಯೇ ಇಲ್ಲ" ಎನ್ನುವವರಿಗೆ ದೂರದಿಂದಲೇ ನಮಸ್ಕಾರ.

ಕಾಗದ ಬೇರೆ, ಆರೋಗ್ಯ ಬೇರೆ

ಲಂಡನ್‌ನಲ್ಲಿ 1873ರಲ್ಲಿ ಮೊದಲ ಕೆನಲ್ ಕ್ಲಬ್ (ತಳಿ ನಾಯಿಗಳನ್ನು ನೋಂದಾಯಿಸುವ ಸಂಸ್ಥೆ) ಹುಟ್ಟಿದಾಗಿನಿಂದ ನೋಂದಣಿ ಪತ್ರದ ಮುಖ್ಯ ಕೆಲಸ ಒಂದೇ: ಅಪ್ಪ ಅಮ್ಮ ಯಾರೆಂದು ಹೇಳುವುದು. ನಾಯಿ ಗಟ್ಟಿಯಾಗಿದೆಯೇ ಎಂಬುದಕ್ಕೆ ಎಕ್ಸ್‌ರೇ, ಕಣ್ಣು ಮತ್ತು ಹೃದಯದ ತಪಾಸಣೆ, ಡಿಎನ್‌ಎ ಪರೀಕ್ಷೆ ಬೇಕು. ಅಮೆರಿಕದ ಪದ್ಧತಿಯಲ್ಲಿ ಸೊಂಟದ ಎಕ್ಸ್‌ರೇಗೆ ಅಂತಿಮ ದರ್ಜೆ ಕೊಡುವುದೇ 24 ತಿಂಗಳು ತುಂಬಿದ ಮೇಲೆ. ಎರಡು ವರ್ಷದೊಳಗೆ ಕೂಡಿಸುವ ಆತುರ ಏಕೆ ಬೇಡ ಎಂಬುದಕ್ಕೆ ಇಷ್ಟು ಸಾಕು.

ಡಿಎನ್‌ಎ ಫಲಿತಾಂಶವನ್ನು ಓದುವುದರಲ್ಲಿ ಎಡವುವವರೇ ಹೆಚ್ಚು. ಎರಡೂ ಕಡೆಯಿಂದ ದೋಷದ ಜೀನ್ ಬಂದರಷ್ಟೇ ಕಾಣಿಸಿಕೊಳ್ಳುವ ರೋಗಗಳಲ್ಲಿ, ಆ ಜೀನ್‌ನ ಒಂದೇ ಪ್ರತಿ ಇರುವ ನಾಯಿಯನ್ನು ವಾಹಕ ಎನ್ನುತ್ತಾರೆ. ಅದು ಆರೋಗ್ಯವಾಗಿಯೇ ಇರುತ್ತದೆ. ವಾಹಕವನ್ನು ಆ ಜೀನ್ ಇಲ್ಲದ ನಾಯಿಯೊಡನೆ ಕೂಡಿಸಿದರೆ ಒಂದು ಮರಿಗೂ ಆ ರೋಗ ಬರುವುದಿಲ್ಲ, ಸರಾಸರಿ ಅರ್ಧದಷ್ಟು ಮರಿಗಳು ವಾಹಕಗಳಾಗುತ್ತವೆ. ಆದರೆ ಎರಡು ವಾಹಕಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಶೇ 25ರಷ್ಟು ಅಪಾಯ. ಹಾಗಾಗಿ ವಾಹಕ ಎಂದ ಕೂಡಲೇ ಒಳ್ಳೆಯ ನಾಯಿಯನ್ನು ಕೈಬಿಡಬೇಡಿ. ಎಲ್ಲರೂ ಹಾಗೆ ಮಾಡಿದರೆ ತಳಿಯಲ್ಲಿ ಉಳಿಯುವ ರಕ್ತವೇ ಕಡಿಮೆಯಾಗುತ್ತದೆ.

ಹತ್ತಿರದ ರಕ್ತ ಸೇರಿಸುವುದು ಇನ್ನೊಂದು ಬಲೆ. ಒಡಹುಟ್ಟಿದ ನಾಯಿಗಳನ್ನು ಕೂಡಿಸಿದರೆ ಮರಿಗಳ ಒಳಸಂಬಂಧದ ಪ್ರಮಾಣ (ಒಂದೇ ಪೂರ್ವಜರ ಅದೇ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ) ಶೇ 25, ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿದ್ದರೆ ಶೇ 12.5. ಬ್ರಿಟನ್ನಿನ ಕೆನಲ್ ಕ್ಲಬ್ 2009ರಲ್ಲಿ ಒಡಹುಟ್ಟಿದವುಗಳ, ಹೆತ್ತವು ಮತ್ತು ಮರಿಗಳ ಜೋಡಿಯಿಂದಾದ ಮರಿಗಳ ನೋಂದಣಿಯನ್ನೇ ನಿಲ್ಲಿಸಿತು. ಶೋ ಗೆದ್ದ ಒಂದೇ ಗಂಡಿನ ಹಿಂದೆ ಎಲ್ಲರೂ ಬಿದ್ದರೂ ಪರಿಣಾಮ ಹೆಚ್ಚುಕಡಿಮೆ ಅದೇ: ಕೆಲವೇ ತಲೆಮಾರಿನಲ್ಲಿ ಎಲ್ಲ ನಾಯಿಗಳೂ ಒಂದೇ ಮನೆಯವು.

ಬೆದೆ, ಗರ್ಭ

ಹೆಣ್ಣು ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ರಕ್ತ ಕಂಡ ದಿನದಿಂದ ಬೆರಳೆಣಿಸಿ ಕೂಡಿಸುವುದು ಹಳೆಯ ರೂಢಿ. ರಕ್ತದಲ್ಲಿನ ಪ್ರೊಜೆಸ್ಟರಾನ್ ಹಾರ್ಮೋನಿನ ಪರೀಕ್ಷೆ ಅದಕ್ಕಿಂತ ಎಷ್ಟೋ ನಂಬಿಕಸ್ತ, ಹೆರಿಗೆಯ ದಿನವನ್ನು ಅಂದಾಜಿಸುವುದಕ್ಕೂ ನೆರವು. ಕೂಡಿಸುವ ಮುನ್ನ ಎರಡೂ ನಾಯಿಗಳಿಗೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆ ಮಾಡಿಸಿ. ಅದು ಗರ್ಭಪಾತ ತರುತ್ತದೆ, ಮನುಷ್ಯರಿಗೂ ಅಂಟುತ್ತದೆ.

ಅಂಡ ಬಿಡುಗಡೆಯಾದ ದಿನದಿಂದ ಸುಮಾರು 63 ದಿನಕ್ಕೆ ಹೆರಿಗೆ. ನಾಲ್ಕು ವಾರದ ಹೊತ್ತಿಗೆ ಸ್ಕ್ಯಾನ್, 55 ದಿನ ದಾಟಿದ ಮೇಲೆ ಎಕ್ಸ್‌ರೇ. ಹೊಟ್ಟೆಯಲ್ಲಿ ಎಷ್ಟು ಮರಿಗಳಿವೆ ಎಂಬುದು ಗೊತ್ತಿದ್ದರೆ ಒಂದು ಉಳಿದುಕೊಂಡಿದೆಯೇ ಎಂದು ತಡಕಾಡಬೇಕಿಲ್ಲ. ಗಬ್ಬದ ನಾಯಿಗೆ ಪ್ರೀತಿಯಿಂದ ಕ್ಯಾಲ್ಸಿಯಂ ಟಾನಿಕ್ ಕುಡಿಸುವವರಿದ್ದಾರೆ. ವೈದ್ಯರು ಹೇಳದೆ ಬೇಡ. ಹೊರಗಿನಿಂದ ಧಾರಾಳವಾಗಿ ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ದೇಹದ ವ್ಯವಸ್ಥೆ ಮಂಕಾಗುತ್ತದೆ, ಹಾಲೂಡಿಸುವಾಗ ಒಮ್ಮೆಲೇ ಕೊರತೆಯಾಗಿ ನಾಯಿ ನಡುಗಿ ಬೀಳಬಹುದು.

ಹೆರಿಗೆಯ ರಾತ್ರಿ

ಕೊನೆಯ ವಾರ ದಿನಕ್ಕೆರಡು ಬಾರಿ ಗುದದ್ವಾರದಲ್ಲಿ ಜ್ವರದ ಕಡ್ಡಿ ಇಟ್ಟು ನೋಡಿ. ಮೈ ಬಿಸಿ 37 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ನೋವು ಶುರು. ಹೆರಿಗೆಗೆಂದು ಇಟ್ಟ ಪೆಟ್ಟಿಗೆಯ ಒಳಗೋಡೆಗೆ ಸುತ್ತಲೂ ಕಂಬಿ ಹೊಡೆದಿರಲಿ, ಇಲ್ಲದಿದ್ದರೆ ತಾಯಿ ಒರಗಿದಾಗ ಮರಿ ಗೋಡೆಗೆ ಸಿಕ್ಕಿ ಸಾಯುತ್ತದೆ.

ಮರಿ ಬಂದಾಗ ಅದನ್ನು ಸುತ್ತಿಕೊಂಡ ತೆಳು ಚೀಲವನ್ನು ತಾಯಿ ಹರಿಯದಿದ್ದರೆ ನೀವೇ ಮೂತಿಯ ಬಳಿ ಹರಿದು, ಬಾಯಿ ಮೂಗು ಒರೆಸಿ, ಒಣ ಟವೆಲ್‌ನಲ್ಲಿ ಕೀರಲು ದನಿ ಬರುವವರೆಗೆ ಉಜ್ಜಿ. ಬಣ್ಣದ ಪಟ್ಟಿ ಕಟ್ಟಿ, ತೂಕ ಬರೆದು, ಮೊಲೆಗೆ ಹಚ್ಚಿ. ಗಿಣ್ಣುಹಾಲು ಮೊದಲ ದಿನವೇ ಹೊಟ್ಟೆ ಸೇರಬೇಕು. ತಾಯಿ ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಮೊದಲ ಮರಿಗೂ ಮುಂಚೆ ಹಸಿರು ಸ್ರಾವ ಕಂಡರೆ, ಒಂದು ಮರಿಗೂ ಇನ್ನೊಂದಕ್ಕೂ ಎರಡು ಗಂಟೆ ದಾಟಿದರೆ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ. ಒಂದು ಸಿಸೇರಿಯನ್ನಿಗೆ ಸಾಕಾಗುವಷ್ಟು ಹಣ ಕೈಯಲ್ಲಿ ಇಲ್ಲದವರು ಈ ಕೆಲಸಕ್ಕೆ ಇಳಿಯಲೇಬಾರದು.

ಎಂಟು ವಾರ

ಮೊದಲ ವಾರ ಮರಿಗೆ ತನ್ನ ಮೈ ಬಿಸಿ ಕಾಯ್ದುಕೊಳ್ಳಲು ಬಾರದು, ಪೆಟ್ಟಿಗೆ ಸುಮಾರು 30 ಡಿಗ್ರಿಯಲ್ಲಿರಲಿ. ದಿನವೂ ತೂಗಿ, ಹುಟ್ಟಿದಾಗಿನ ತೂಕ ಹತ್ತು ದಿನದೊಳಗೆ ಇಮ್ಮಡಿಯಾಗಬೇಕು. ಜಂತುಹುಳು ಔಷಧ ಎರಡನೇ ವಾರದಿಂದ. ಮೂರನೇ ವಾರದಿಂದ ಮನಸ್ಸಿನ ಕಿಟಕಿ ತೆರೆಯುತ್ತದೆ, ಹನ್ನೆರಡನೇ ವಾರದ ಹೊತ್ತಿಗೆ ಮುಚ್ಚತೊಡಗುತ್ತದೆ. ಅಷ್ಟರೊಳಗೆ ಮಿಕ್ಸರ್ ಸದ್ದು, ಬಿಚ್ಚಿದ ಕೊಡೆ, ಮಕ್ಕಳ ಗಲಾಟೆ, ಜಾರುವ ನೆಲ ಎಲ್ಲವೂ ಪರಿಚಯವಾಗಲಿ. ಶೆಡ್ಡಿನಲ್ಲಿ ಕೂಡಿಹಾಕಿ ಬೆಳೆಸಿದ ಮರಿಯ ಅಂಜಿಕೆಯನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ಎಂಟು ವಾರ ತುಂಬದೆ ಮರಿ ಕೊಡಬೇಡಿ. ಕೊಳ್ಳುವವರನ್ನು ಕರೆದು ಕೂರಿಸಿ ಮಾತಾಡಿ: ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದಾಗ ನಾಯಿ ಎಲ್ಲಿ? ಉತ್ತರ ಸರಿಯೆನಿಸದಿದ್ದರೆ ಮರಿ ಉಳಿದರೂ ಪರವಾಗಿಲ್ಲ. ಪರೀಕ್ಷಾ ವರದಿ, ಲಸಿಕೆ ಪುಸ್ತಕ, ಮೈಕ್ರೋಚಿಪ್ ಸಂಖ್ಯೆಯ ಜೊತೆ ಒಪ್ಪಂದವೂ ಇರಲಿ: ಯಾವ ವಯಸ್ಸಿನಲ್ಲಾದರೂ ಸಾಕಲಾಗದಿದ್ದರೆ ನಾಯಿ ನಿಮ್ಮ ಬಳಿಗೇ ವಾಪಸ್.

ಎರಡು ವರ್ಷದ ಮೇಲೆ ಮಾಲೀಕರೊಬ್ಬರು ಫೋನ್ ಮಾಡಿ ನಾಯಿ ಕುಂಟುತ್ತಿದೆ ಎಂದರೆ ಎಕ್ಸ್‌ರೇ ತರಿಸಿಕೊಂಡು ನೋಡಿ, ದಾಖಲೆ ಪುಸ್ತಕದಲ್ಲಿ ಬರೆದಿಡಿ, ಗಂಡಿನ ಮಾಲೀಕರಿಗೂ ತಿಳಿಸಿ. ಕೀಲಿನ ದೋಷ ಖಚಿತವಾದರೆ ಅದೇ ಜೋಡಿಯನ್ನು ಮತ್ತೆ ಕೂಡಿಸುವ ಯೋಚನೆ ಬಿಟ್ಟುಬಿಡಿ.