ಇಪ್ಪತ್ತೋ, ಎಪ್ಪತ್ತೋ? ಎಐ ನೆಚ್ಚಿದ ಸ್ಟಾರ್ಟಪ್ ಕಟ್ಟುವ ಬಗೆ

“ಅಣ್ಣಾ, ಸೋನಾ ಮಸೂರಿ ಇಪ್ಪತ್ತು ಮೂಟೆ ಹಾಕ್ಸಿ, ತೊಗರಿಬೇಳೆ ಒಂದೂವರೆ ಕ್ವಿಂಟಲ್, ಬೆಲ್ಲ ಹೋದ ಸಲದ್ದೇ ಕಳ್ಸಿ.” ಚಿಲ್ಲರೆ ಅಂಗಡಿಯವರು ಸಗಟು ವ್ಯಾಪಾರಿಗೆ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹೇಳುವುದು ಹೀಗೆ. ಗುಮಾಸ್ತ ಅದನ್ನು ಎರಡೆರಡು ಸಲ ಕೇಳಿ ಬಿಲ್ಲಿಗೆ ಇಳಿಸಬೇಕು. ಆ ಧ್ವನಿಯನ್ನು ಬಿಲ್ಲಾಗಿಸುವ ಕೆಲಸವನ್ನೇ ಉದಾಹರಣೆಗೆ ಇಟ್ಟುಕೊಂಡು ಎಐ ಸ್ಟಾರ್ಟಪ್ ಕಟ್ಟುವುದು ಹೇಗೆಂದು ನೋಡೋಣ.

ಮೊದಲು ಅಂಗಡಿಯಲ್ಲಿ ಕೂರಿ

ಮಾಲೀಕರ ಒಪ್ಪಿಗೆ ಪಡೆದು ಒಂದು ವಾರ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಎಣಿಸಿ: ದಿನಕ್ಕೆ ಎಷ್ಟು ಧ್ವನಿ ಸಂದೇಶ, ಒಂದೊಂದಕ್ಕೆ ಎಷ್ಟು ನಿಮಿಷ, ತಪ್ಪು ಮಾಲು ಹೋಗಿ ವಾಪಸ್ ಬಂದದ್ದೆಷ್ಟು. ವಾಪಸ್ ಬಂದ ಮಾಲಿನ ಲಾರಿ ಬಾಡಿಗೆ, ಹಮಾಲಿ ಎರಡನ್ನೂ ಬರೆದುಕೊಳ್ಳಿ. ನೀವು ಮುಂದೆ ಕೇಳುವ ಬೆಲೆಗೆ ಆಧಾರ ಅದೇ.

ನೂರು ಸಂದೇಶಗಳಿಗೆ ಬೀಗ

ಕಳಿಸಿದವರ ಸಮ್ಮತಿಯೊಂದಿಗೆ 300 ಸಂದೇಶ ಸಂಗ್ರಹಿಸಿ. ಪ್ರತಿಯೊಂದಕ್ಕೂ ಸರಿಯಾದ ಬಿಲ್ ಏನೆಂದು ಅನುಭವಿ ಗುಮಾಸ್ತರಿಂದಲೇ ಬರೆಸಿ. ಅದರಲ್ಲಿ 100 ತೆಗೆದು ಪರೀಕ್ಷೆಗೆಂದೇ ಬೇರೆ ಇಡಿ. ವ್ಯವಸ್ಥೆಯನ್ನು ತಿದ್ದಲು ಆ ನೂರನ್ನು ಮುಟ್ಟಲೇಬೇಡಿ. ಧಾರವಾಡದ ಮಾತು, ಮಂಗಳೂರಿನ ಮಾತು, ಹಿಂದೆ ಬಸ್ ಹಾರ್ನ್, ಪಕ್ಕದಲ್ಲಿ ಮಗುವಿನ ಅಳು ಎಲ್ಲವೂ ಅದರಲ್ಲಿರಲಿ. ಸ್ಟುಡಿಯೋದಲ್ಲಿ ಓದಿಸಿದ ಧ್ವನಿಯಲ್ಲಿ ಪಾಸಾದ ಎಐ ಮಾದರಿ ಅಂಗಡಿಯಲ್ಲಿ ಮುಗ್ಗರಿಸುವುದು ಇಂಥ ಸದ್ದಿನಿಂದಲೇ.

ಇರುವ ಬಿಡಿಭಾಗಗಳನ್ನು ಜೋಡಿಸಿ

ಸ್ವಂತ ಮಾದರಿ ತರಬೇತಿಗೆ ಈಗಲೇ ದುಡ್ಡು ಸುರಿಯಬೇಡಿ. ಓಪಸ್ ಎಂಬ ಕಡತ ರೂಪದಲ್ಲಿ ಬರುವ ಧ್ವನಿಯನ್ನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ, ಧ್ವನಿ ಮಾದರಿಗಳಿಗೆ ಒಗ್ಗುವ 16 ಕಿಲೋಹರ್ಟ್ಸ್ ಮೋನೋಗೆ (ಒಂದೇ ಚಾನೆಲ್‌ನ ಧ್ವನಿಗೆ) ಬದಲಿಸಿ. ಧ್ವನಿಯನ್ನು ಪಠ್ಯವಾಗಿಸಲು ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡದ ಮುಕ್ತ ಮಾದರಿಗಳಿವೆ, ಓಪನ್‌ಎಐ ಕಂಪನಿಯ ವಿಸ್ಪರ್ ಇದೆ, ಬೆಂಗಳೂರಿನ ಸರ್ವಂ ಕಂಪನಿಯ ಸೇವೆಯಿದೆ, ಕೇಂದ್ರ ಸರ್ಕಾರದ ಭಾಷಾ ವೇದಿಕೆ ಭಾಷಿಣಿಯೂ ಇದೆ. ಯಾವುದು ಮೇಲೆಂದು ಜಾಹೀರಾತು ನೋಡಿ ತೀರ್ಮಾನಿಸದೆ ನಿಮ್ಮ ನೂರರ ಮೇಲೇ ಓಡಿಸಿ ನೋಡಿ. ಬಂದ ಪಠ್ಯದಿಂದ ಸರಕು, ಪ್ರಮಾಣ, ಅಳತೆ ಎಂಬ ಮೂರು ಕಲಂ ಬಿಡಿಸುವ ಕೆಲಸವಷ್ಟೇ ದೊಡ್ಡ ಭಾಷಾ ಮಾದರಿಯದ್ದು (ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಎಐ). ಒಂದೂವರೆ ಕ್ವಿಂಟಲ್ ಎಂದರೆ 150 ಕೆಜಿ ಎಂಬ ಲೆಕ್ಕವನ್ನು ಸಾಮಾನ್ಯ ಕೋಡ್ ಮಾಡಲಿ. ಸರಕಿನ ಹೆಸರು ಅಂಗಡಿಯ ದಾಸ್ತಾನು ಪಟ್ಟಿಯಲ್ಲಿ ಇಲ್ಲದಿದ್ದರೆ ಬಿಲ್ಲಿಗೆ ಹೋಗಲೇಕೂಡದು.

ಕೈಕೊಡುವುದು ಸಂಖ್ಯೆಯಲ್ಲಿ

ಇಪ್ಪತ್ತು, ಎಪ್ಪತ್ತು ಎಂದು ಬೇಗ ಬೇಗ ಹೇಳಿ ನೋಡಿ. ಮೊದಲ ಸ್ವರವೊಂದೇ ವ್ಯತ್ಯಾಸ. ಫೋನನ್ನು ಬಾಯಿಂದ ದೂರ ಹಿಡಿದರೆ, ಗುಂಡಿ ಒತ್ತುವ ಮೊದಲೇ ಮಾತು ಶುರುಮಾಡಿದರೆ ಆ ಸ್ವರವೇ ನುಂಗಿಹೋಗುತ್ತದೆ. 20 ಮೂಟೆ ಕೇಳಿದವರ ಬಾಗಿಲಿಗೆ 70 ಮೂಟೆ ಹೋಗುತ್ತದೆ. ಆದ್ದರಿಂದ “ನೂರು ಪದದಲ್ಲಿ ಎಷ್ಟು ತಪ್ಪು” ಎಂಬ ಅಳತೆ ಇಲ್ಲಿ ಸಾಲದು. ಒಂದು ಸಾಲು ಸರಿಯಿರುವ ಸಾಧ್ಯತೆ ಶೇ 95 ಇದ್ದರೂ, ಹತ್ತು ಸಾಲಿನ ಆರ್ಡರ್ ಪೂರ್ತಿ ಸರಿಯಿರುವುದು ಸುಮಾರು ಶೇ 60 ಸಲ ಮಾತ್ರ. ಪೂರ್ತಿ ಆರ್ಡರ್ ಸರಿಯೇ ಎಂದೇ ಅಳೆಯಿರಿ.

ಎರಡು ಕಾವಲು ಹಾಕಿ. ಅದೇ ಗಿರಾಕಿ ಹಿಂದೆ ತರಿಸಿದ ಪ್ರಮಾಣಕ್ಕಿಂತ ತೀರಾ ಹೆಚ್ಚುಕಡಿಮೆ ಬಂದರೆ ಗುಮಾಸ್ತರು ಖುದ್ದು ಕೇಳಿ ನೋಡಲಿ. ಮತ್ತೆ, ಪ್ರತಿ ಆರ್ಡರನ್ನೂ ಅಂಕಿಯಲ್ಲಿ ಬರೆದು ವಾಪಸ್ ಕಳಿಸಿ: “ಸೋನಾ ಮಸೂರಿ 20 ಮೂಟೆ, ಬೇಳೆ 150 ಕೆಜಿ. ಸರಿಯಾ?” ಉತ್ತರ ಬಂದ ಮೇಲೇ ಬಿಲ್. ಇದು ತಡವಾಗದಂತೆ ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನ ವ್ಯಾಪಾರಿ ವ್ಯವಸ್ಥೆಯಲ್ಲಿ ಗಿರಾಕಿಯ ಕೊನೆಯ ಸಂದೇಶದಿಂದ 24 ಗಂಟೆ ದಾಟಿದರೆ ವಾಟ್ಸ್‌ಆ್ಯಪ್‌ನಿಂದ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ (ಸಿದ್ಧ ಸಂದೇಶ) ಮಾತ್ರ ಕಳಿಸಬಹುದು.

ಖರ್ಚು, ಕಾನೂನು, ದುಡ್ಡು

ಒಂದು ಆರ್ಡರಿಗೆ ತಗಲುವ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ: ಧ್ವನಿಯ ನಿಮಿಷ, ಟೋಕನ್ (ಭಾಷಾ ಮಾದರಿ ಪಠ್ಯವನ್ನು ಒಡೆದು ಎಣಿಸುವ ತುಣುಕು), ಸಂದೇಶ ಶುಲ್ಕ. ಕನ್ನಡ ಪಠ್ಯ ಹಲವು ಮಾದರಿಗಳಲ್ಲಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ನುಂಗುತ್ತದೆ, ಹಾಗಾಗಿ ಇಂಗ್ಲಿಷ್ ಲೆಕ್ಕ ನಂಬಿ ಬೆಲೆ ಕಟ್ಟಬೇಡಿ. ಹೊಸಬರು ಮರೆಯುವುದು ಮನುಷ್ಯರ ಸಮಯ. ಪ್ರತಿ ಆರ್ಡರಿಗೆ 30 ಸೆಕೆಂಡ್ ತಪಾಸಣೆ ಎಂದರೆ 1,000 ಆರ್ಡರಿಗೆ 500 ನಿಮಿಷ, ಅಂದರೆ ಒಬ್ಬರ ಇಡೀ ದಿನದ ಕೆಲಸ. ಇದು ಕಡಿಮೆಯಾಗದೆ ಲಾಭ ಕಾಣದು.

ಧ್ವನಿಯೂ ಫೋನ್ ನಂಬರೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಕನ್ನಡದಲ್ಲೇ ತಿಳಿಸಿ, ಬೇಡವೆಂದವರದ್ದನ್ನು ಅಳಿಸಿ. ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಪುಕ್ಕಟೆ ಪ್ರಯೋಗ ಬೇಡ. ಮೂರು ಅಂಗಡಿಗಳಿಂದ ತಿಂಗಳಿಗೆ ಸಣ್ಣ ಮೊತ್ತವಾದರೂ ಪಡೆಯಿರಿ. ದುಡ್ಡು ಕೊಟ್ಟವರು ಮಾತ್ರ ತಪ್ಪನ್ನು ಅದೇ ದಿನ ಫೋನ್ ಮಾಡಿ ಹೇಳುತ್ತಾರೆ. ಆ ತಪ್ಪುಗಳೇ ಉಳಿದ 200ರ ಕಡತಕ್ಕೆ ಸೇರುತ್ತ ಹೋಗಲಿ. ಬೇರೆಯವರು ಸುಲಭವಾಗಿ ನಕಲು ಮಾಡಲಾಗದ ನಿಮ್ಮ ಆಸ್ತಿ ಅದು. ಮಾದರಿ ಒದಗಿಸುವ ಕಂಪನಿ ಆವೃತ್ತಿ ಬದಲಿಸಿದಾಗಲೆಲ್ಲ ಬೀಗ ಹಾಕಿಟ್ಟ ನೂರನ್ನು ಮತ್ತೆ ಓಡಿಸಿ. ನಿನ್ನೆ ಸರಿಯಿದ್ದ “ಮುಕ್ಕಾಲು” ಇವತ್ತು ತಪ್ಪಾಗಿರಬಹುದು.

ಇಷ್ಟಾದ ಮೇಲೆ ಸ್ಟಾರ್ಟಪ್‌ಗಳಿಗೆ ನೆರವು ಕೊಡುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೆ ಅರ್ಜಿ ಹಾಕಿ. ಆಯ್ಕೆಯಾದವರಿಗೆ ಕಂಪನಿಯಲ್ಲಿ ಪಾಲು ಕೇಳದೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅರ್ಜಿಯ ಜತೆ ಮೂರು ಅಂಗಡಿಗಳ ರಸೀದಿ, ತಿಂಗಳವಾರು ಆ ನೂರರ ಫಲಿತಾಂಶ ಎರಡನ್ನೂ ಲಗತ್ತಿಸಿ.