ವಯಸ್ಸಾದವರ ಕಂಪ್ಯೂಟರಿಗೆ ಏನೇನು ಬೇಕು, ಏನು ಬೇಡ

ವಯಸ್ಸಾದವರು ಕಂಪ್ಯೂಟರ್ ಕಷ್ಟ ಅಂದಾಗ ನಾನು ಮೊದ್ಲು ನೋಡೋದು ಸ್ಕ್ರೀನ್ ಮೇಲೆ ಅಕ್ಷರ ಎಷ್ಟು ದೊಡ್ಡದಿದೆ ಅಂತ. ಕಾಣದೇ ಇರೋದನ್ನ ಓದಕ್ಕೆ ಹೋಗಿ, ಸಿಗದೇ ಇರೋ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಕ್ಕೆ ಹೋಗಿ, ಕೊನೆಗೆ ನಂಗೆ ಇದೆಲ್ಲ ತಲೆಗೆ ಹತ್ತಲ್ಲಪ್ಪ ಅಂತ ಎದ್ದು ಹೋಗ್ತಾರೆ. ಹೊಸ ಸಾಫ್ಟ್‌ವೇರ್ ಹುಡುಕೋ ಮುಂಚೆ ವಿಂಡೋಸ್ ಒಳಗೆ ಆಗ್ಲೇ ಇರೋದನ್ನ ಸರಿಯಾಗಿ ಹಾಕೊಳ್ಳಿ, ಅರ್ಧ ಕೆಲ್ಸ ಅಲ್ಲೇ ಮುಗಿಯುತ್ತೆ.

ವಿಂಡೋಸ್ ಕೀ ಒತ್ತಿ ಹಿಡಿದು ಐ ಒತ್ತಿದ್ರೆ ಸೆಟ್ಟಿಂಗ್ಸ್ ಬರುತ್ತೆ. ಅಲ್ಲಿ ಆಕ್ಸೆಸಿಬಿಲಿಟಿ ಅಂತ ಇದೆ (ವಿಂಡೋಸ್ 10 ಇದ್ರೆ ಈಸ್ ಆಫ್ ಆಕ್ಸೆಸ್), ಅದ್ರೊಳಗೆ ಅಕ್ಷರದ ಗಾತ್ರಕ್ಕೆ ಒಂದು ಸ್ಲೈಡರ್ ಇದೆ, 100ರಿಂದ 225 ಪರ್ಸೆಂಟ್ ತನಕ ಎಳೀಬಹುದು. 130, 140 ಇಟ್ಟು ನೋಡಿ, ಅಪ್ಲೈ ಒತ್ತೋದು ಮರೀಬೇಡಿ. ಅಕ್ಷರದ ಜೊತೆ ಐಕಾನು ಬಟನ್ನೂ ದೊಡ್ಡದಾಗ್ಬೇಕು ಅಂದ್ರೆ ಸಿಸ್ಟಮ್, ಡಿಸ್‌ಪ್ಲೇ, ಸ್ಕೇಲ್‌ಗೆ ಹೋಗಿ 125 ಅಥವಾ 150 ಮಾಡಿ. ಕೆಲವ್ರು ಇದ್ರ ಬದ್ಲು ರೆಸಲ್ಯೂಶನ್ ಕಮ್ಮಿ ಮಾಡ್ತಾರೆ, ದೊಡ್ಡದೇನೋ ಆಗುತ್ತೆ ಆದ್ರೆ ಎಲ್ಲಾ ಮಸುಕು, ಬೇಡ.

ಅದೇ ಆಕ್ಸೆಸಿಬಿಲಿಟೀಲಿ ಮೌಸ್ ಪಾಯಿಂಟರ್ ದಪ್ಪ ಮಾಡಿ ಹಳದಿನೋ ಹಸಿರೋ ಬಣ್ಣ ಕೊಡಬಹುದು, ಬಾಣ ಎಲ್ಲೋಯ್ತು ಅಂತ ಹುಡುಕೋದು ತಪ್ಪುತ್ತೆ. ಇನ್ನೊಂದು ಇದೆ, ಇದನ್ನ ಯಾಕೋ ಯಾರೂ ಹೇಳಲ್ಲ. ಕೈ ನಡುಗೋರಿಗೆ ಡಬಲ್ ಕ್ಲಿಕ್ ದೊಡ್ಡ ತಲೆನೋವು, ಎರಡು ಕ್ಲಿಕ್ ಮಧ್ಯೆ ಮೌಸ್ ಒಂಚೂರು ಜರುಗಿದ್ರೂ ಫೈಲ್ ಓಪನ್ ಆಗೋ ಬದ್ಲು ಎಳ್ಕೊಂಡು ಬೇರೆ ಫೋಲ್ಡರಿಗೆ ಹೋಗಿ ಬಿದ್ದಿರುತ್ತೆ, ಆಮೇಲೆ ಫೋಟೋನೇ ಮಾಯ ಆಯ್ತು ಅಂತ ಗಾಬರಿ. (ಹಂಗಾದ್ರೆ ತಕ್ಷಣ ಕಂಟ್ರೋಲ್ ಝಡ್ ಒತ್ತಿ, ಇದ್ದಲ್ಲಿಗೇ ವಾಪಸ್ ಬರುತ್ತೆ.) ಸ್ಟಾರ್ಟ್ ಮೆನುನಲ್ಲಿ ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್ ಅಂತ ಹುಡುಕಿ, ಮೊದಲ್ನೇ ಟ್ಯಾಬಲ್ಲೇ ಸಿಂಗಲ್ ಕ್ಲಿಕ್ ಟು ಓಪನ್ ಅಂತ ಇರುತ್ತೆ, ಅದನ್ನ ಆರಿಸಿ ಓಕೆ ಕೊಡಿ. ಇನ್ಮೇಲೆ ಒಂದೇ ಕ್ಲಿಕ್ಕಿಗೆ ಎಲ್ಲಾ ತೆರೆಯುತ್ತೆ.

ಬ್ರೌಸರಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿದ್ರೆ ಪುಟ ದೊಡ್ಡದಾಗುತ್ತೆ, ಕಂಟ್ರೋಲ್ ಸೊನ್ನೆ ಒತ್ತಿದ್ರೆ ಮೊದ್ಲಿದ್ದಂಗೆ. ಓದಿ ಓದಿ ಕಣ್ಣು ಉರಿ ಬಂದ್ರೆ ಎಡ್ಜ್ ಬ್ರೌಸರಲ್ಲಿ ಕಂಟ್ರೋಲ್ ಶಿಫ್ಟ್ ಯು ಒತ್ತಿ, ಅದೇ ಓದಿ ಹೇಳುತ್ತೆ, ಕನ್ನಡದ ದನಿಗಳೂ ಇವೆ, ಹೆಣ್ಣು ದನಿ ಗಂಡು ದನಿ ಎರಡೂ. ಟೈಪ್ ಮಾಡಕ್ಕೆ ಬೇಜಾರು ಅನ್ನೋರಿಗೆ ಕ್ರೋಮಲ್ಲಿ ಗೂಗಲ್ ಡಾಕ್ಸ್ ತೆಗೆದು ಟೂಲ್ಸ್ ಒಳಗೆ ವಾಯ್ಸ್ ಟೈಪಿಂಗ್, ಭಾಷೆ ಕನ್ನಡ ಅಂತ ಆರಿಸ್ಕೊಂಡು ಮೈಕ್ ಒತ್ತಿ ಮಾತಾಡ್ತಾ ಹೋಗಿ. ಪೂರ್ಣವಿರಾಮ ಎಲ್ಲ ನಾವೇ ಹಾಕ್ಬೇಕು, ಹೆಸರುಗಳು ಅಡ್ಡಾದಿಡ್ಡಿ ಬರ್ತವೆ, ಆದ್ರೂ ಒಂದೊಂದೇ ಕೀ ಹುಡುಕಿ ಕುಟ್ಟೋದಕ್ಕಿಂತ ಎಷ್ಟೋ ವಾಸಿ.

ಈಗ ಹೊರಗಿಂದ ಹಾಕೊಳ್ಳೋದು. ನನ್ ಪ್ರಕಾರ ಮೊದಲನೇದು ಜಾಹೀರಾತು ತಡೆಯೋದು, ಯಾಕಂದ್ರೆ ಡೌನ್‌ಲೋಡ್ ಅಂತ ದೊಡ್ಡ ಹಸಿರು ಬಟನ್ ಇರೋ ಜಾಹೀರಾತು ಒತ್ತಿ ಏನೇನೋ ಇನ್‌ಸ್ಟಾಲ್ ಮಾಡ್ಕೊಂಡೋರೇ ಜಾಸ್ತಿ. ಫೈರ್‌ಫಾಕ್ಸ್ ಇದ್ರೆ ಯುಬ್ಲಾಕ್ ಆರಿಜಿನ್ ಅನ್ನೋ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಂ) ಹಾಕಿ, ಕ್ರೋಮಲ್ಲಿ ಅದು ಈಗ ನಡೆಯಲ್ಲ, ಅಲ್ಲಿಗೆ ಯುಬ್ಲಾಕ್ ಆರಿಜಿನ್ ಲೈಟ್ ಇದೆ. ಹೆಸರು ಪೂರ್ತಿ ನೋಡ್ಕೊಳ್ಳಿ, ಬರೀ ಯುಬ್ಲಾಕ್ ಅನ್ನೋದು ಬೇರೆ. ಜೊತೆಗೆ ಕ್ರೋಮ್ ಸೆಟ್ಟಿಂಗ್ಸಲ್ಲಿ ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಯಾವ ಸೈಟೂ ಕೇಳದಂಗೆ ಬಂದ್ ಮಾಡಿ, ಹಳೇ ಅನುಮತಿ ಇದ್ರೆ ತೆಗೀರಿ. ಮೂಲೇಲಿ ಬಂದು ನಿಮ್ ಕಂಪ್ಯೂಟರಿಗೆ ವೈರಸ್ ಬಂದಿದೆ ಅಂತ ಹೆದರಿಸೋದು ಬಹಳಷ್ಟು ಸಲ ಇದೇ ದಾರೀಲಿ ಬರೋದು.

ಇದು ಗಮನ ಇಟ್ಟು ಓದಿ. ಸ್ಕ್ರೀನ್ ತುಂಬಾ ಕೆಂಪು ಎಚ್ಚರಿಕೆ ಬಂದು, ಬೀಪ್ ಬೀಪ್ ಅಂತ ಹೊಡ್ಕೊಂಡು, ಈ ನಂಬರಿಗೆ ಫೋನ್ ಮಾಡಿ ಅಂದ್ರೆ ಅದು ಮೋಸನೇ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೇಲಿ ಫೋನ್ ನಂಬರ್ ಇರೋದೇ ಇಲ್ಲ. ಎಸ್ಕೇಪ್ ಕೀನ ಒತ್ತಿ ಹಿಡ್ಕೊಳ್ಳಿ, ಫುಲ್ ಸ್ಕ್ರೀನಿಂದ ಆಚೆ ಬರುತ್ತೆ, ಆಮೇಲೆ ಆಲ್ಟ್ ಎಫ್4. ಅದಕ್ಕೂ ಬಗ್ಗದಿದ್ರೆ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಲ್ಲಿ ಬ್ರೌಸರ್ ಆರಿಸಿ ಎಂಡ್ ಟಾಸ್ಕ್. ಮತ್ತೆ ಬ್ರೌಸರ್ ತೆಗೆದಾಗ ಹಳೇ ಪುಟ ವಾಪಸ್ ತರ್ಲಾ ಅಂತ ಕೇಳುತ್ತೆ, ರಿಸ್ಟೋರ್ ಒತ್ತಬೇಡಿ.

ದೂರದಲ್ಲಿರೋ ಮಗನೋ ಮೊಮ್ಮಗಳೋ ಸಹಾಯ ಮಾಡ್ಬೇಕು ಅಂದ್ರೆ ವಿಂಡೋಸಲ್ಲಿ ಕ್ವಿಕ್ ಅಸಿಸ್ಟ್ ಇದೆ, ವಿಂಡೋಸ್ ಕಂಟ್ರೋಲ್ ಕ್ಯೂ ಒತ್ತಿದ್ರೆ ತೆರೆಯುತ್ತೆ. ಮೈಕ್ರೋಸಾಫ್ಟ್ ಅಕೌಂಟ್ ಬೇಕಾಗೋದು ಸಹಾಯ ಮಾಡೋರಿಗೆ ಮಾತ್ರ, ಅವ್ರು ಒಂದು ಕೋಡ್ ಹೇಳ್ತಾರೆ, ನೀವು ಅದನ್ನ ಹೊಡೆದು ಒಪ್ಪಿಗೆ ಕೊಟ್ರೆ ನಿಮ್ ಸ್ಕ್ರೀನ್ ಅವ್ರಿಗೆ ಕಾಣುತ್ತೆ. ಕೋಡ್ ಬೇಗ ಹಳಸಿ ಹೋಗುತ್ತೆ, ಹಂಗಾಗಿ ಫೋನಲ್ಲಿ ಇದ್ಕೊಂಡೇ ಮಾಡಿ. ಆದ್ರೆ ಕಳ್ಳರೂ ಇದನ್ನೇ, ಇಲ್ಲಾ ಎನಿಡೆಸ್ಕ್, ಟೀಮ್‌ವ್ಯೂವರ್ ಅಂಥದ್ದನ್ನೇ ಬಳಸೋದು. ಫೋನ್ ನೀವು ಮಾಡಿದ್ದಾ ಅವ್ರು ಮಾಡಿದ್ದಾ ನೋಡಿ. ಅವ್ರಾಗೇ ಫೋನ್ ಮಾಡಿ ಕೋಡ್ ಹಾಕಿ ಅಂದ್ರೆ ಇಟ್ಬಿಡಿ, ಎಷ್ಟೇ ಮರ್ಯಾದೆಯಿಂದ ಮಾತಾಡ್ಲಿ.

ಪಾಸ್‌ವರ್ಡ್‌ಗಳನ್ನೆಲ್ಲ ನೆನಪಿಟ್ಕೊಳ್ಳೋಕೆ ಬಿಟ್‌ವಾರ್ಡನ್ ಅನ್ನೋ ಪ್ರೋಗ್ರಾಂ ಚೆನ್ನಾಗಿದೆ, ಫ್ರೀ. ಅದು ಬೇಡ ಅಂದ್ರೆ ಒಂದು ನೋಟ್‌ಬುಕ್ಕಲ್ಲಿ ಬರೆದು ಬೀರುನಲ್ಲಿಡಿ, ನಗೋರು ನಗ್ಲಿ, ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಡೋದಕ್ಕಿಂತ ಅದೇ ಮೇಲು.

ವಿಡಿಯೋಗೆ ವಿಎಲ್‌ಸಿ, ಪತ್ರ ಬರೆಯೋಕೆ ಲಿಬ್ರೆಆಫೀಸ್ ಸಾಕು. ಇವನ್ನ ನೈನೈಟ್ ಅನ್ನೋ ಸೈಟಿಂದ ಟಿಕ್ ಹಾಕಿ ಒಟ್ಟಿಗೆ ಇಳಿಸ್ಕೊಂಡ್ರೆ ಜೊತೇಲಿ ಬೇಡದ ಟೂಲ್‌ಬಾರ್ ಬರಲ್ಲ. ಪಿಸಿ ಕ್ಲೀನರ್, ಡ್ರೈವರ್ ಅಪ್‌ಡೇಟರ್, ಸ್ಪೀಡ್ ಬೂಸ್ಟರ್ ಅಂತ ಏನೇ ಇದ್ರೂ ಮುಟ್ಟಬೇಡಿ, ಆಗ್ಲೇ ಹಾಕಿದ್ರೆ ಇವತ್ತೇ ಅನ್‌ಇನ್‌ಸ್ಟಾಲ್ ಮಾಡಿ.